ಗಿಡ ಮಾಡುವ ಮಾತು

ರೈತರಿಗೆಂದು ಸಿದ್ಧವಾಗುತ್ತಿರುವ ತೋಟಗಾರಿಕೆಯ ಪುಟ್ಟ ಪುಸ್ತಕವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ಒಪ್ಪಿಕೊಂಡಿದ್ದೇನೆ. ಮೊದಲ ವಾಕ್ಯದಲ್ಲೇ ಸಿಕ್ಕಿಬಿದ್ದೆ. ದಾಳಿಂಬೆಯನ್ನು ಮೂರು ವಿಧದಲ್ಲಿ ‘ಪ್ರೊಪಗೇಟ್’ ಮಾಡಬಹುದು ಎಂದಿದೆ. ನಿಘಂಟು ತೆಗೆದರೆ ಆ ಒಂದು ಕ್ರಿಯಾಪದದ ಎದುರಿಗೆ ಹರಡು, ಹಬ್ಬಿಸು, ಹೆಚ್ಚಿಸು, ವಂಶಾಭಿವೃದ್ಧಿ ಮಾಡು, ಪ್ರಸರಿಸು, ಪ್ರಚಾರ ಮಾಡು ಎಂದು ಸಾಲುಗಟ್ಟಿವೆ. ಒಂದೊಂದನ್ನೂ ವಾಕ್ಯದಲ್ಲಿ ಇಟ್ಟು ನೋಡಿದೆ. ‘ದಾಳಿಂಬೆಯನ್ನು ಹರಡಬಹುದು’ ಅಂದರೆ ಕಾಳು ಬಿಡಿಸಿ ಚಾಪೆಯ ಮೇಲೆ ಒಣಹಾಕಿದಂತೆ ಕೇಳುತ್ತದೆ. ‘ಪ್ರಚಾರ ಮಾಡಬಹುದು’ ಅಂದರೆ ಮಾರಾಟದ ಮಾತಾಯಿತು. ‘ಪ್ರಸರಿಸಬಹುದು’ ಎಂಬುದು ಯಾವ ರೈತನ ಬಾಯಲ್ಲೂ ಬರದ ಮಾತು.

ಒಂದೇ ಮಾತು ಇಷ್ಟೆಲ್ಲ ಕೆಲಸ ಹೇಗೆ ಹೊತ್ತಿತು? ಗಿಡ ಬೆಳೆಸುವುದಕ್ಕೂ ಸುದ್ದಿ ಹಬ್ಬಿಸುವುದಕ್ಕೂ ಏನು ನಂಟು? ತಿಳಿದಷ್ಟನ್ನು ಆಗಾಗ ಗುರುತು ಹಾಕಿಕೊಳ್ಳುತ್ತಾ ಹೋಗುತ್ತೇನೆ.

*

ಮೈಸೂರಿನ ಹೊರವಲಯದ ಒಂದು ನರ್ಸರಿಗೆ ಹೋಗಿದ್ದೆ. ಫಲಕದ ಮೇಲೆ ದೊಡ್ಡದಾಗಿ ‘ಪ್ರೊಪಗೇಷನ್ ಯೂನಿಟ್’ ಎಂದು ಬರೆದಿದೆ. ಅದರ ಕೆಳಗೆ ಕೂತು ಕೆಲಸ ಮಾಡುತ್ತಿದ್ದ ಹೆಂಗಸು ಇಪ್ಪತ್ತು ವರ್ಷದಿಂದ ಅಲ್ಲೇ ಇರುವವರಂತೆ. “ಅಕ್ಕಾ, ಈ ದಾಳಿಂಬೆಯನ್ನ ನೀವು ಏನು ಮಾಡ್ತೀರಿ, ಅದಕ್ಕೆ ಏನಂತೀರಿ?” ಎಂದು ಕೇಳಿದೆ. ಪ್ರಶ್ನೆಯೇ ಅವರಿಗೆ ವಿಚಿತ್ರವಾಗಿ ಕಂಡಿರಬೇಕು. “ಗಿಡ ಮಾಡ್ತೀವಿ ಸಾರ್. ಮಲ್ಲಿಗೆ ಆದ್ರೆ ಕಡ್ಡಿ ನೆಟ್ಟು ಮಾಡ್ತೀವಿ. ಮಾವು ಕಸಿ ಕಟ್ಟಿ ಮಾಡ್ತೀವಿ. ದಾಳಿಂಬೆನ ಗೂಟಿಯಲ್ಲಿ ಮಾಡ್ತೀವಿ.”

ಗಿಡ ಮಾಡುವುದು. ನಾನು ಮೂರು ದಿನ ನಿಘಂಟಿನಲ್ಲಿ ಹುಡುಕಿದ ಮಾತು ಅದೇ. ಯಾವ ನಿಘಂಟಿನಲ್ಲೂ ಅದನ್ನು ಕಾಣಲಿಲ್ಲ.

ಗೂಟಿ ಕಟ್ಟುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಪೆನ್ಸಿಲ್ ದಪ್ಪದ ಕೊಂಬೆ. ಚಿಕ್ಕ ಚಾಕುವಿನಿಂದ ಒಂದು ಅಂಗುಲದಷ್ಟು ದೂರಕ್ಕೆ ಎರಡು ಗೆರೆ ಸುತ್ತ ಎಳೆದು, ನಡುವಿನ ತೊಗಟೆಯನ್ನು ಬಳೆ ಬಿಡಿಸಿದಂತೆ ಬಿಡಿಸಿದರು. ಒಳಗಿನ ಮರ ಬೆಳ್ಳಗೆ, ಒದ್ದೆಯಾಗಿ ಹೊಳೆಯಿತು. ಅದನ್ನು ಚಾಕುವಿನ ಬೆನ್ನಿನಿಂದ ಹಗುರಾಗಿ ಕೆರೆದರು. ತೊಗಟೆಯ ಲೋಳೆ ಒಂದಿಷ್ಟು ಉಳಿದರೂ ಮತ್ತೆ ಕೂಡಿಕೊಂಡುಬಿಡುತ್ತದಂತೆ. ಆಮೇಲೆ ನೀರಲ್ಲಿ ನೆನೆಸಿ ಹಿಂಡಿದ ಪಾಚಿಯನ್ನು ಮುಷ್ಟಿಯಷ್ಟು ತೆಗೆದುಕೊಂಡು ಸುತ್ತ ಒತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೂ ಕೆಳಗೂ ದಾರದಿಂದ ಬಿಗಿದರು. ಒಂದು ಗೂಟಿಗೆ ಎರಡು ನಿಮಿಷವೂ ಹಿಡಿಯಲಿಲ್ಲ.

ಇದರೊಳಗಿನ ಕೆಲಸ ಹೀಗೆ. ನೀರು ಮರದ ಒಳಭಾಗದಿಂದ ಮೇಲಕ್ಕೆ ಏರುತ್ತದೆ. ಆ ದಾರಿಯನ್ನು ಕಡಿದಿಲ್ಲ, ಹಾಗಾಗಿ ಕೊಂಬೆ ಬಾಡುವುದಿಲ್ಲ. ಎಲೆಗಳು ಮಾಡಿದ ಸಕ್ಕರೆ ಮತ್ತು ಬೇರು ಹುಟ್ಟಿಸುವ ಚೋದಕ ತೊಗಟೆಯ ದಾರಿಯಿಂದ ಕೆಳಕ್ಕೆ ಇಳಿಯುತ್ತವೆ. ಆ ದಾರಿ ಕಡಿದುಹೋಗಿದೆ. ಇಳಿದು ಬಂದದ್ದೆಲ್ಲ ಗಾಯದ ಮೇಲಂಚಿನಲ್ಲಿ ತಂಗುತ್ತದೆ. ಅಲ್ಲಿ ಕತ್ತಲೂ ತೇವವೂ ಇದ್ದರೆ ಬೇರು ಒಡೆಯುತ್ತದೆ. ತಾಯಿ ನೀರು ಕೊಡುತ್ತಲೇ ಇರುತ್ತಾಳೆ. ಮಗು ತನ್ನ ಕಾಲು ತಾನೇ ಮಾಡಿಕೊಳ್ಳುತ್ತದೆ.

*

ಲ್ಯಾಟಿನ್ ಮೂಲ ನೋಡಿದೆ. ಇಂಗ್ಲಿಷಿನ ಈ ಕ್ರಿಯಾಪದ ಲ್ಯಾಟಿನ್ನಿನ ‘ಪ್ರೊಪಾಗಾರೆ’ಯಿಂದ ಬಂದದ್ದು. ಅದರ ಹಿಂದೆ ‘ಪ್ರೊಪಾಗೊ’ ಎಂಬ ನಾಮಪದ. ಅಂದರೆ ದ್ರಾಕ್ಷಿಬಳ್ಳಿಯನ್ನು ಬಗ್ಗಿಸಿ ಮಣ್ಣಿಗೆ ಊರಿದ ಕುಡಿ. ‘ಪಾಗ್’ ಎಂಬ ಧಾತುವಿಗೆ ಊರು, ನಾಟು, ಬಿಗಿಯಾಗಿ ನಿಲ್ಲಿಸು ಎಂಬ ಅರ್ಥ. ಪುಟಕ್ಕೆ ಹೇಳುವ ‘ಪೇಜ್’ ಕೂಡ ಇದೇ ಧಾತುವಿನ ಮಗು.

ರೋಮಿನ ಕೇಟೊ ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಬೇಸಾಯದ ಬಗ್ಗೆ ಬರೆದ ಪುಸ್ತಕ ಈಗಲೂ ಸಿಗುತ್ತದೆ. ಅದರಲ್ಲಿ ಗಿಡ ಮಾಡುವ ವಿಧಾನಗಳಿವೆ. ಬುಡದಲ್ಲಿ ಎದ್ದ ಮರಿಗಳನ್ನು ಬಗ್ಗಿಸಿ ಮಣ್ಣಿಗೆ ಒತ್ತಿ ತುದಿಯನ್ನು ಮಾತ್ರ ಮೇಲೆ ಬಿಡಬೇಕು. ಅಂಜೂರ, ಆಲಿವ್, ದಾಳಿಂಬೆಗಳನ್ನೆಲ್ಲ ಹೀಗೆ ಮಾಡಬಹುದು ಎನ್ನುತ್ತಾನೆ. ಇನ್ನೂ ಜಾಗ್ರತೆ ಬೇಕೆಂದರೆ ತಳ ತೂತಾದ ಮಡಕೆ ಅಥವಾ ಬುಟ್ಟಿ ತೆಗೆದುಕೊಂಡು, ಕೊಂಬೆಯನ್ನು ಅದರೊಳಗೆ ತೂರಿಸಿ, ಮಣ್ಣು ತುಂಬಿ ಮರದ ಮೇಲೇ ಬಿಡಬೇಕು. ಎರಡು ವರ್ಷದ ಮೇಲೆ ಬುಟ್ಟಿಯ ಕೆಳಗೆ ಕತ್ತರಿಸಿ ಬುಟ್ಟಿಯ ಸಮೇತ ನೆಡಬೇಕು. ಓದುತ್ತಾ ಮೈ ಜುಮ್ಮೆಂದಿತು. ಬುಟ್ಟಿಯ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಬಂದಿದೆ, ಎರಡು ವರ್ಷ ಒಂದೆರಡು ತಿಂಗಳಾಗಿದೆ. ಉಳಿದಂತೆ ನಾನು ನರ್ಸರಿಯಲ್ಲಿ ನೋಡಿದ್ದು ಅದನ್ನೇ. ಕೇಟೊ ಅಲ್ಲಿ ಬಳಸಿರುವ ಕ್ರಿಯಾಪದವೂ ‘ಪ್ರೊಪಾಗಾರೆ’ಯೇ.

ಹಾಗಾದರೆ ‘ಪ್ರೊಪಗೇಟ್’ ಹುಟ್ಟಿದ್ದು ಹರಡುವುದರಲ್ಲಲ್ಲ, ಊರುವುದರಲ್ಲಿ. ಒಂದು ಕಡೆ ಊರಿದ ಕುಡಿ ಬೇರು ಬಿಟ್ಟು, ಅದರ ಕುಡಿಯನ್ನು ಇನ್ನೊಂದು ಮಾರು ಆಚೆ ಊರಿ, ಹೀಗೆ ತೋಟ ಬೆಳೆಯುತ್ತಾ ಹೋಗುತ್ತದೆ. ದೂರ ಹೋಗುವುದು ಆಮೇಲಿನ ಅರ್ಥ. ಕನ್ನಡದ ‘ಪ್ರಚಾರ’ದಲ್ಲಿ ‘ಚರ’ ಇದೆ, ನಡೆಯುವುದು. ‘ಪ್ರಸಾರ’ದಲ್ಲಿ ‘ಸೃ’ ಇದೆ, ಸರಿಯುವುದು, ಹರಿಯುವುದು. ಎರಡೂ ಸಂಸ್ಕೃತದ ಕಾಲುಳ್ಳ ಪದಗಳು. ಇಂಗ್ಲಿಷಿನದು ಬೇರುಳ್ಳ ಪದ. ಒಂದನ್ನು ಇನ್ನೊಂದರ ಜಾಗದಲ್ಲಿ ಕೂರಿಸಿದಾಗ ಅಲುಗಾಡುವುದು ಇದಕ್ಕೇ ಇರಬೇಕು.

*

ನಮ್ಮ ಕಡೆಯ ವೀಳ್ಯದೆಲೆ ತೋಟದಲ್ಲಿ ಇದೇ ಕೆಲಸ ನಡೆಯುತ್ತದೆ. ಬಳ್ಳಿ ಕೈಗೆಟುಕದಷ್ಟು ಎತ್ತರ ಹೋದಾಗ ಅದನ್ನು ಕೆಳಗಿಳಿಸಿ, ಎಲೆ ಕಿತ್ತ ಭಾಗವನ್ನು ಸುರುಳಿ ಮಾಡಿ ಬುಡದಲ್ಲಿ ಮಣ್ಣು ಮುಚ್ಚಿ, ತುದಿಯನ್ನು ಮತ್ತೆ ಹಬ್ಬಿಸುತ್ತಾರೆ. ಬಳ್ಳಿ ಇಳಿಸುವುದು ಎನ್ನುತ್ತಾರೆ. ರೋಮಿನವನು ಕಂಡರೆ ತನ್ನ ಭಾಷೆಯಲ್ಲಿ ‘ಪ್ರೊಪಾಗಾರೆ’ ಎಂದೇ ಕರೆಯುತ್ತಿದ್ದ. ನಮ್ಮವರು ಮಾತ್ರ ಇಳಿಸುವ ಕಡೆಗೆ ಕಣ್ಣಿಟ್ಟು ಹೆಸರಿಟ್ಟರು.

*

ಲ್ಯಾಟಿನ್ನಿನ ‘ಪ್ರೊಪಾಗೊ’ಗೆ ಕುಡಿ ಎಂಬ ಅರ್ಥವಿರುವಂತೆ ಸಂತಾನ ಎಂಬ ಅರ್ಥವೂ ಇತ್ತು. ಇದನ್ನು ಓದಿದ ಕೂಡಲೇ ‘ನಮ್ಮ ವಂಶದ ಕುಡಿ’ ನೆನಪಾಯಿತು. ನಾವು ದಿನವೂ ಆಡುವ ಮಾತು. ಸಂಸ್ಕೃತದ ‘ವಂಶ’ಕ್ಕೆ ಮೊದಲ ಅರ್ಥ ಬಿದಿರು, ಗೆಣ್ಣಿನ ಮೇಲೆ ಗೆಣ್ಣು ಏರುವಂತೆ ತಲೆಮಾರು. ಅಂದಮೇಲೆ ವಂಶದ ಕುಡಿ ಎಂದರೆ ಬಿದಿರಿನ ಚಿಗುರೇ.

ಬಾಳೆಯ ಬುಡದಲ್ಲಿ ಏಳುವ ಮರಿಗೆ ಕಂದು ಎನ್ನುತ್ತೇವೆ. ತೊಟ್ಟಿಲಲ್ಲಿರುವುದು ಕಂದ. ಎರಡೂ ಒಂದೇ ದ್ರಾವಿಡ ಪದದಿಂದ ಬಂದವು. ತಮಿಳಿನಲ್ಲಿ ಇಂದಿಗೂ ಕರುವಿಗೂ ಬಾಳೆಯ ಮರಿಗೂ ಒಂದೇ ಮಾತು. ನನ್ನ ಅಜ್ಜಿ ಬಾಳೆಯ ಕಂದು ಕೀಳುವಾಗ “ತಾಯಿಗೆ ನೋವಾಗದ ಹಂಗೆ ಬಗಿಯೋ” ಎನ್ನುತ್ತಿದ್ದರು. ಆಗ ಅದು ಅವರ ಮೃದುತನ ಎಂದುಕೊಂಡಿದ್ದೆ. ಅದು ಭಾಷೆಯೊಳಗೇ ಇತ್ತು.

ಹಾಗಾಗಿ ನನ್ನ ಮೊದಲ ಪ್ರಶ್ನೆ ಸ್ವಲ್ಪ ಸಡಿಲವಾಗಿದೆ. ಗಿಡವನ್ನೂ ಮಗುವನ್ನೂ ಒಂದೇ ಮಾತಿನಲ್ಲಿ ಹಿಡಿಯುವುದು ಇಂಗ್ಲಿಷಿನ ವಿಶೇಷವಲ್ಲ. ಇಂಗ್ಲಿಷು ಅದನ್ನು ಕ್ರಿಯಾಪದದಲ್ಲಿ ಇಟ್ಟುಕೊಂಡಿದೆ, ಕನ್ನಡ ನಾಮಪದಗಳಲ್ಲಿ. ಕುಡಿ, ಕಂದು, ಮರಿ, ತಳಿ, ಪೀಳಿಗೆ. ಕ್ರಿಯೆಗೆ ಬಂದಾಗ ಮಾತ್ರ ನಾವು ಒಂದೊಂದಕ್ಕೂ ಬೇರೆ ಮಾತು ಕೊಡುತ್ತೇವೆ. ಹಸು ಕರು ಹಾಕುತ್ತದೆ, ಕೋಳಿ ಮರಿ ಮಾಡುತ್ತದೆ, ಬಾಳೆ ಕಂದು ಒಡೆಯುತ್ತದೆ, ರೋಗ ಅಂಟುತ್ತದೆ, ಕಿಚ್ಚು ಹಬ್ಬುತ್ತದೆ, ಕಂಪು ಪಸರಿಸುತ್ತದೆ. ಇವಿಷ್ಟನ್ನೂ ಒಂದು ಚೀಲಕ್ಕೆ ತುಂಬು ಎಂದರೆ ಕನ್ನಡ ಒಪ್ಪುವುದಿಲ್ಲ. ಒಪ್ಪಿಸುವ ಅಗತ್ಯವೂ ನನಗೆ ಕಾಣುತ್ತಿಲ್ಲ.

*

ಕಬ್ಬಿನ ತುಂಡಿಗೆ ರೈತರು ಬಿತ್ತನೆ ಬೀಜ ಎನ್ನುತ್ತಾರೆ. ಶುಂಠಿಯ ಗೆಡ್ಡೆಗೂ ಬೀಜದ ಶುಂಠಿ. ಪಠ್ಯಪುಸ್ತಕ ‘ಕಾಯಜ ಸಂತಾನೋತ್ಪತ್ತಿ’ ಎಂದು ಬೇರೆ ಮಾಡಿದ್ದನ್ನು ಹೊಲ ಬೀಜದ ಜೊತೆಗೇ ಸೇರಿಸಿಕೊಂಡಿದೆ. ಅನುವಾದದಲ್ಲಿ ‘ಬೀಜ’ ಎಂದಾಗಲೆಲ್ಲ ಯಾವ ಬೀಜ ಎಂದು ಸ್ಪಷ್ಟ ಮಾಡಬೇಕು. ಗುರುತು ಹಾಕಿದ್ದೇನೆ.

*

ನಿಜವಾದ ವ್ಯತ್ಯಾಸ ಇಲ್ಲಿದೆ ಎಂದು ಈಗ ಅನ್ನಿಸುತ್ತಿದೆ. ಇಂಗ್ಲಿಷಿನಲ್ಲಿ ‘ಪ್ರೊಪಗೇಟ್’ ಎಂಬುದರ ಪಕ್ಕದ ಮಾತು ‘ಡಿಸೆಮಿನೇಟ್’. ಅದರ ಒಳಗಿರುವುದು ಲ್ಯಾಟಿನ್ನಿನ ‘ಸೆಮೆನ್’, ಬೀಜ. ಬೀಜ ಚೆಲ್ಲುವುದು ಎಂದರ್ಥ. ಬೀಜದಿಂದ ಬಂದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ. ಬಾದಾಮಿ ಮಾವಿನ ಓಟೆ ಹಾಕಿದವರಿಗೆ ಗೊತ್ತು, ಹತ್ತು ವರ್ಷ ಕಾದು ಬೇರೆಯೇ ರುಚಿ ತಿಂದಿದ್ದಾರೆ. ಊರಿದ ಕುಡಿ, ಕಟ್ಟಿದ ಕಸಿ, ಗೂಟಿ ಇವೆಲ್ಲ ತಾಯಿಯೇ. ಅದೇ ಮರ ಇನ್ನೊಂದು ಕಡೆ ನಿಂತಂತೆ.

ಪೋರ್ಚುಗೀಸರು ಗೋವೆಯಲ್ಲಿ ಮಾವಿನ ಕಸಿಯನ್ನು ಬೆಳೆಸಿದ್ದರಿಂದಲೇ ನಮಗೆ ಆಪೂಸು ಸಿಕ್ಕಿತು. ನಾನು ಬೇಸಿಗೆಯಲ್ಲಿ ತಿನ್ನುವ ಹಣ್ಣು ಯಾವುದೋ ಒಂದು ಹಳೆಯ ಮರದ ಕೊಂಬೆ, ಕೈಯಿಂದ ಕೈಗೆ ದಾಟುತ್ತಾ ಬಂದದ್ದು.

‘ಪ್ರೊಲಿಫರೇಟ್’ ಎಂಬುದು ಸಂತಾನ ಹೊರುವುದು. ಲೆಕ್ಕವಿಲ್ಲದೆ ಹೆಚ್ಚುವುದಕ್ಕೆ ಹೇಳುತ್ತಾರೆ, ಪಾರ್ಥೇನಿಯಂ ಕಳೆ ಹೊಲ ತುಂಬಿದ ಹಾಗೆ. ‘ಮಲ್ಟಿಪ್ಲೈ’ ಎಂಬುದರ ಮೂಲ ಹಲವು ಮಡಿಕೆ. ಇದನ್ನು ಕಂಡು ಖುಷಿಯಾಯಿತು, ಏಕೆಂದರೆ ಕನ್ನಡದಲ್ಲೂ ಬಟ್ಟೆಯ ಮಡಿಕೆ ಮತ್ತು ಇಮ್ಮಡಿ, ನೂರ್ಮಡಿಯ ಮಡಿ ಒಂದೇ.

*

‘ಬ್ರಾಡ್‌ಕಾಸ್ಟ್’ ಎಂಬ ಮಾತಿಗೆ ಮೂಲದಲ್ಲಿ ಇದ್ದ ಅರ್ಥ: ಕೈತುಂಬ ಬೀಜ ತೆಗೆದುಕೊಂಡು ಅಗಲಕ್ಕೆ ಎರಚಿ ಬಿತ್ತುವುದು. ಕೂರಿಗೆ ಇಲ್ಲದ ಬಿತ್ತನೆ. ಕನ್ನಡದಲ್ಲಿ ನಾವು ‘ಬಿತ್ತರಿಸು’ ಎನ್ನುತ್ತೇವೆ. ಅದು ‘ಬಿತ್ತು’ವಿನಿಂದ ಬಂದದ್ದಲ್ಲ, ‘ವಿಸ್ತರ’ದ ತದ್ಭವ. ಹಾಗಿದ್ದರೂ ಕಿವಿಗೆ ಬಿತ್ತನೆಯೇ ಕೇಳುತ್ತದೆ. ಯಾರೂ ಯೋಜಿಸದೆ ಎರಡು ಭಾಷೆ ಒಂದೇ ಹೊಲದಲ್ಲಿ ಬಂದು ನಿಂತಿವೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದ್ದು. ದೇಶದ ರೇಡಿಯೊಗೆ ಆ ಹೆಸರು ಬಂದದ್ದು ಆಮೇಲೆ. ಆ ಹೆಸರು ಮೈಸೂರಿನಿಂದ ದೇಶಕ್ಕೆಲ್ಲ ಹೋದ ಬಗೆಯನ್ನು ನಾನು ಬಿತ್ತರ ಎನ್ನಲಾರೆ. ಒಂದು ಕಡೆ ಊರಿದ ಕುಡಿಯನ್ನು ತೆಗೆದು ಇನ್ನೊಂದು ಕಡೆ ನೆಟ್ಟ ಹಾಗಿದೆ.

*

ನಂಜನಗೂಡಿನ ರಸಬಾಳೆ. ಇದನ್ನು ಬರೆಯಲು ಮನಸ್ಸು ಭಾರವಾಗುತ್ತದೆ.

ಬಾಳೆಗೆ ಬೀಜವಿಲ್ಲ. ದೇವರಸನಹಳ್ಳಿಯ ಸುತ್ತಿನ ಕಪ್ಪುಮಣ್ಣಿನಲ್ಲಿ ಬೆಳೆದ ಒಂದೊಂದು ರಸಬಾಳೆಯೂ ಹಿಂದಿನದರ ಕಂದು. ಆ ಪರಿಮಳ, ಆ ತೆಳು ಸಿಪ್ಪೆ ಒಂದಿಷ್ಟೂ ಬದಲಾಗದೆ ಉಳಿದದ್ದು ಅದಕ್ಕೇ. ಪನಾಮ ಸೊರಗು ರೋಗ ಬಂದಾಗ ತಳಿಯನ್ನು ಸೋಲಿಸಿದ್ದೂ ಅದೇ. ಮಣ್ಣಿನ ಶಿಲೀಂಧ್ರ ಅದು, ಬೇರಿನಿಂದ ಒಳಹೊಕ್ಕು ನೀರಿನ ದಾರಿ ಕಟ್ಟುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ತೊಟ್ಟಿನ ಹತ್ತಿರ ಮುರಿದು ಗಿಡದ ಸುತ್ತ ಲಂಗದಂತೆ ಜೋತುಬೀಳುತ್ತವೆ. ದಿಂಡನ್ನು ಅಡ್ಡ ಕತ್ತರಿಸಿದರೆ ಕಂದು ಬಣ್ಣದ ಚುಕ್ಕಿಗಳು ಉಂಗುರವಾಗಿ ಕಾಣುತ್ತವೆ. ರೋಗ ಹತ್ತಿದ ಗಿಡ ಮೇಲೆ ನೋಡಲು ಚೆನ್ನಾಗಿರುವಾಗಲೇ ಅದರ ಕಂದನ್ನು ಕಿತ್ತು ಪಕ್ಕದ ತೋಟಕ್ಕೆ ಕೊಟ್ಟಿದ್ದಾರೆ, ಪ್ರೀತಿಯಿಂದ. ತಳಿಯನ್ನು ಉಳಿಸಿದ ಕೈಯೇ ರೋಗವನ್ನೂ ದಾಟಿಸಿತು. ಮಣ್ಣಿನಲ್ಲಿ ಆ ಶಿಲೀಂಧ್ರ ದಶಕಗಟ್ಟಲೆ ಕಾಯುತ್ತದೆ. ಈಗ ಅಂಗಾಂಶ ಕೃಷಿಯ ಸಸಿಗಳನ್ನು ತಂದು ನೆಡುತ್ತಿದ್ದಾರೆ.

ಇಂಗ್ಲಿಷಿನಲ್ಲಿ ಇಲ್ಲಿನ ಎರಡು ಸಂಗತಿಗೂ ‘ಪ್ರೊಪಗೇಟ್’ ಎಂದೇ ಹೇಳಬಹುದು. ಬಾಳೆಯದೂ ಅದೇ, ರೋಗದ್ದೂ ಅದೇ. ಆ ಪದದ ಎರಡು ಅರ್ಥ ಒಂದಕ್ಕೊಂದು ಎಷ್ಟು ಹತ್ತಿರ ಎಂದು ನನಗೆ ತಿಳಿದದ್ದು ಇಲ್ಲಿ, ಒಂದೇ ಕಂದಿನೊಳಗೆ ಎರಡೂ ಇದ್ದುದನ್ನು ಕಂಡಾಗ. ಕನ್ನಡದಲ್ಲಿ ಹೇಳುವಾಗ ನಾನು ಎರಡು ಮಾತು ಬಳಸಲೇಬೇಕು: ಕಂದು ನೆಟ್ಟರು, ರೋಗ ಹಬ್ಬಿತು.

*

ನೆಟ್ಟರು, ಹಬ್ಬಿತು. ಬರೆದ ಮೇಲೆ ಕಣ್ಣಿಗೆ ಬಿತ್ತು. ಹಬ್ಬು ಎಂಬುದು ತಾನಾಗಿ ಆಗುವುದು, ಹಳಗನ್ನಡದಲ್ಲಿ ಪರ್ಬು. ಹಬ್ಬಿಸು ಎಂದರೆ ಯಾರೋ ಮಾಡಿದ್ದು. ಒಂದು ‘ಇಸು’ ಬಂದ ಕೂಡಲೇ ಹೊಣೆ ಹೊರಲು ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ‘ಸುದ್ದಿ ಹಬ್ಬಿತು’ ಅಂದರೆ ಗಾಳಿ. ‘ಸುದ್ದಿ ಹಬ್ಬಿಸಿದರು’ ಅಂದರೆ ಯಾರು ಎಂದು ಕೇಳುತ್ತೇವೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಗಡಿ ಇಲ್ಲ, ಎರಡಕ್ಕೂ ಒಂದೇ ರೂಪ. ಇಂಗ್ಲಿಷಿನಿಂದ ಬರುವ ವರದಿಗಳನ್ನು ಕನ್ನಡ ಮಾಡುವಾಗ ಪತ್ರಿಕೆಗಳಲ್ಲಿ ‘ಹಬ್ಬಿದೆ’ ಎಂದು ಬರೆದು, ಹಬ್ಬಿಸಿದವರನ್ನು ಬಿಟ್ಟುಬಿಡುವುದನ್ನು ಗಮನಿಸಿದ್ದೇನೆ. ಇದು ಸಣ್ಣ ತಪ್ಪಲ್ಲ. ಕನ್ನಡ ಕೊಟ್ಟಿರುವ ಒಂದು ಒಳ್ಳೆಯ ಸಾಧನವನ್ನು ಕೈಬಿಟ್ಟಂತೆ.

*

1622ರಲ್ಲಿ ಪೋಪ್ 15ನೇ ಗ್ರೆಗರಿ ರೋಮಿನಲ್ಲಿ ಒಂದು ಮಂಡಳಿ ಸ್ಥಾಪಿಸಿದರು. ಅದರ ಲ್ಯಾಟಿನ್ ಹೆಸರಿನಲ್ಲಿ ‘ಪ್ರೊಪಗಾಂಡ’ ಎಂಬ ಮಾತಿತ್ತು. ಊರಬೇಕಾದ, ಹಬ್ಬಿಸಬೇಕಾದ ಧರ್ಮಶ್ರದ್ಧೆ ಎಂಬ ಅರ್ಥದಲ್ಲಿ. ದ್ರಾಕ್ಷಿಯ ತೋಟದಿಂದ ಶ್ರದ್ಧೆಯ ತೋಟಕ್ಕೆ ಮಾತು ದಾಟಿದ್ದು ಅವರ ಬೈಬಲ್ಲಿನ ಹಿನ್ನೆಲೆಯಲ್ಲಿ ಸಹಜವೇ. ಅಲ್ಲಿ ಬಳ್ಳಿ, ಕೊಂಬೆಯ ಮಾತು ಮತ್ತೆ ಮತ್ತೆ ಬರುತ್ತದೆ. ಅದೇ ‘ಪ್ರೊಪಗಾಂಡ’ ಮುಂದೆ, ಮುಖ್ಯವಾಗಿ ಮೊದಲ ಮಹಾಯುದ್ಧದ ಕಾಲದಿಂದ, ನಂಬಬಾರದ ಮಾತಿಗೆ ಹೆಸರಾಯಿತು. ಕನ್ನಡದ ‘ಪ್ರಚಾರ’ ಹಾಗೆ ಕೆಡಲಿಲ್ಲ. ಕೆಟ್ಟದ್ದಕ್ಕೆ ‘ಅಪಪ್ರಚಾರ’ ಎಂದು ಬೇರೆ ಮಾಡಿಕೊಂಡೆವು. ಕನ್ನಡದ ಕ್ರೈಸ್ತರು ತಮ್ಮ ಕೆಲಸಕ್ಕೆ ‘ಸುವಾರ್ತೆ ಸಾರುವುದು’ ಎನ್ನುತ್ತಾರೆ. ಡಂಗುರ ಸಾರುವ ಸಾರು ಅದು. ಕೇಳುವವನ ಕಿವಿಯವರೆಗೆ ಮಾತ್ರ ಹೋಗಿ ನಿಲ್ಲುವ ಮಾತು.

*

ಸಂವಿಧಾನದ 25ನೇ ವಿಧಿಯಲ್ಲೂ ‘ಪ್ರೊಪಗೇಟ್’ ಎಂಬ ಪದ ಇದೆ. ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಒಂದು ಪದದ ಮೇಲೆ ಚರ್ಚೆ ನಡೆಯಿತು. ಲೋಕನಾಥ ಮಿಶ್ರರು ಬೇಡವೆಂದರು, ಕೆ.ಎಂ. ಮುನ್ಷಿಯವರು ಇರಲಿ ಎಂದು ವಾದಿಸಿದರು. ಪದ ಉಳಿಯಿತು.

1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದರ ಅರ್ಥ ಹುಡುಕಲು ನಿಘಂಟನ್ನೇ ತೆರೆಯಿತು. ಒಬ್ಬರಿಂದ ಒಬ್ಬರಿಗೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವುದು ಎಂಬ ಅರ್ಥವನ್ನು ಆರಿಸಿಕೊಂಡಿತು. ತತ್ತ್ವಗಳನ್ನು ವಿವರಿಸಿ ತಿಳಿಸುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಇದರಲ್ಲಿ ಬರುವುದಿಲ್ಲ ಎಂದು ತೀರ್ಪಾಯಿತು. ಆ ತೀರ್ಪನ್ನು ಒಪ್ಪದವರು ಅಂದಿನಿಂದಲೂ ಇದ್ದಾರೆ. ನನ್ನ ಕಣ್ಣು ನಿಂತದ್ದು ಪದದ ಮೇಲೆ. ನಿಘಂಟಿನಲ್ಲಿ ಬೇರು ಬಿಡಿಸುವ ಅರ್ಥವೂ ಇದೆ, ಹರಡುವ ಅರ್ಥವೂ ಇದೆ. ಕೇಳಿಸುವುದಕ್ಕೂ ಊರುವುದಕ್ಕೂ ನಡುವೆ ಇರುವ ದೂರವೇ ಅಲ್ಲಿನ ವಾದ. ಕನ್ನಡದಲ್ಲಿ ‘ಪ್ರಚಾರ’ ಎಂದು ಓದುವವರಿಗೆ ಆ ದೂರ ಕಾಣುವುದೇ ಇಲ್ಲ, ಅನುವಾದಕರು ಅರ್ಥವನ್ನು ಮೊದಲೇ ಆರಿಸಿಬಿಟ್ಟಿದ್ದಾರೆ. ಒಂದು ಪದ ಇಡುವಾಗ ನಾನೂ ಹೀಗೆ ಯಾರದೋ ಪರವಾಗಿ ಆರಿಸುತ್ತಿದ್ದೇನೆ ಎಂಬ ಅಳುಕು ಇದನ್ನು ಓದಿದಾಗಿನಿಂದ ಹತ್ತಿಕೊಂಡಿದೆ.

*

ಅಣ್ಣನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಹೊಸ ಜಾಲತಾಣ ನನಗೆ ತೆರೆಯಲಿಲ್ಲ. ಫೋನ್ ಮಾಡಿದರೆ, “ಚಿಕ್ಕಪ್ಪಾ, ಇನ್ನೂ ಪ್ರೊಪಗೇಟ್ ಆಗ್ತಿದೆ, ನಾಳೆ ನೋಡಿ” ಅಂದ. ಏನು ಹರಡುತ್ತಿದೆ ಎಂದು ಬಿಡದೆ ಕೇಳಿದೆ. ಏನೂ ಹರಡುತ್ತಿಲ್ಲ ಎಂದು ಕೊನೆಗೆ ಒಪ್ಪಿಕೊಂಡ. ಹಳೆಯ ವಿಳಾಸವನ್ನು ಒಂದೊಂದು ಸರ್ವರ್ ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದಂತೆ, 3,600 ಸೆಕೆಂಡೋ 86,400 ಸೆಕೆಂಡೋ, ಹೇಳಿದಷ್ಟು ಹೊತ್ತು. ಅವಧಿ ಮುಗಿದು ಮರೆತ ಮೇಲೆ ಮತ್ತೆ ಕೇಳುತ್ತದೆ, ಹೊಸದು ಸಿಗುತ್ತದೆ. ಅಂದರೆ ನಾವು ಕಾಯುತ್ತಿರುವುದು ಹಳೆಯದು ಮರೆಯಲಿ ಎಂದು. ಇದಕ್ಕೆ ಕನ್ನಡದಲ್ಲಿ ‘ಹಬ್ಬುತ್ತಿದೆ’ ಎಂದು ಬರೆದರೆ ಸುಳ್ಳಾಗುತ್ತದೆ.

ಅಲೆಯದೂ ಹೀಗೇ. ಪಠ್ಯದಲ್ಲಿ ‘ತರಂಗ ಪ್ರಸರಣ’. ಕಲ್ಯಾಣಿಗೆ ಕಲ್ಲು ಹಾಕಿ ನೋಡಿದೆ. ತೇಲುತ್ತಿದ್ದ ಬೇವಿನೆಲೆ ಇದ್ದಲ್ಲೇ ಏರಿ ಇಳಿಯಿತು, ಉಂಗುರ ಮಾತ್ರ ಮೆಟ್ಟಿಲವರೆಗೆ ಹೋಯಿತು. ನೀರು ಹೋಗಲಿಲ್ಲ, ಅದರ ಏರಿಳಿತ ಹೋಯಿತು. ಪಕ್ಕದ ನೀರು ಪಕ್ಕದ ನೀರಿಗೆ ಕೊಡುತ್ತಾ ಹೋಗುವುದು. ಊರಿದ ಕುಡಿಯಿಂದ ಮುಂದಿನ ಕುಡಿ ಎಂಬುದಕ್ಕೆ ಇದು ಹತ್ತಿರವೇ ಇದೆ. ‘ಸಾಗು’ ಎಂಬ ಮಾತು ಇಲ್ಲಿಗೆ ಸಾಕು ಎನ್ನಿಸುತ್ತದೆ.

*

ನಮ್ಮ ಹಿತ್ತಲಿನ ದಾಳಿಂಬೆಗೆ ನಾನೂ ಒಂದು ಗೂಟಿ ಕಟ್ಟಿದ್ದೆ. ಮೊದಲನೆಯದರ ತೊಗಟೆ ಸರಿಯಾಗಿ ಕೆರೆಯದೆ ಗಾಯ ಕೂಡಿಕೊಂಡಿತು. ಎರಡನೆಯದನ್ನು ನರ್ಸರಿಯ ಅಕ್ಕ ಹೇಳಿದಂತೆ ಚಾಕುವಿನ ಬೆನ್ನಿನಿಂದ ಕೆರೆದು ಕಟ್ಟಿದೆ. ನಲವತ್ತನೆಯ ದಿನ ಬೆಳಿಗ್ಗೆ ಪ್ಲಾಸ್ಟಿಕ್ಕಿನ ಒಳಗೆ ಪಾಚಿಯ ನಡುವೆ ದಾರದಂಥ ಬಿಳಿ ಬೇರುಗಳು ಹಾಳೆಗೆ ಒತ್ತಿಕೊಂಡು ಕಂಡವು. ಇನ್ನೊಂದು ವಾರ ಬಿಟ್ಟು, ಅವು ಕಂದುಬಣ್ಣಕ್ಕೆ ತಿರುಗಿದ ಮೇಲೆ ಕೆಳಗೆ ಕತ್ತರಿಸಿ, ಹಾಳೆ ಬಿಚ್ಚಿ, ಪಾಚಿಯ ಸಮೇತ ಕುಂಡಕ್ಕೆ ಇಟ್ಟೆ. ಎಲೆಗಳಲ್ಲಿ ಅರ್ಧದಷ್ಟನ್ನು ಕಿತ್ತು ನೆರಳಿಗೆ ಸರಿಸಿದೆ.

ಒಳಗೆ ಬಂದು ಅನುವಾದದ ಮೊದಲ ವಾಕ್ಯವನ್ನು ತಿದ್ದಿದೆ: ‘ದಾಳಿಂಬೆಯನ್ನು ಮೂರು ಬಗೆಯಲ್ಲಿ ಗಿಡ ಮಾಡಬಹುದು.’ ಸಂಪಾದಕರು ಇದು ಗ್ರಾಂಥಿಕವಲ್ಲ ಎನ್ನಬಹುದು. ಫೋನ್ ಬಂದರೆ ಹೇಳಲು ಉತ್ತರ ಇದೆ.